ಇಂಗ್ಲೆಂಡಿನಲ್ಲಿ ಒಕ್ಕಲುತನ ನಡೆಯುವ ಹಳ್ಳಿ ನೋಡಬೇಕು, ಎಲ್ಲಿಗೆ ಹೋಗಲಿ?

ಹಾವೇರಿ ಹೈದ

ಎಲ್ಲರಿಗೂ ನಮಸ್ಕಾರ. ನಾನು ಲೆಸ್ಟರ್‌ನಲ್ಲಿ ಓದುತ್ತಿದ್ದೇನೆ. ಬೇಸಿಗೆಗೆ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಹೊಲ ಮಾಡುವವರು. ಅರಮನೆ ಗಿರಮನೆ ಬೇಗ ಮುಗಿಸು, ಅಲ್ಲಿನ ಒಕ್ಕಲುತನ ತೋರಿಸು ಅಂತ ಈಗಲೇ ಹೇಳಿಬಿಟ್ಟಿದ್ದಾರೆ. ಇಲ್ಲಿ ಯಾರನ್ನು ಕೇಳಿದರೂ ಕಾಟ್ಸ್‌ವೋಲ್ಡ್ಸ್‌ಗೆ ಹೋಗು, ಬೈಬರಿ ನೋಡು ಅನ್ನುತ್ತಾರೆ. ಫೋಟೊ ನೋಡಿದೆ. ಕಲ್ಲಿನ ಮನೆಗಳು ಚೆನ್ನಾಗಿವೆ, ಮನೆ ಮುಂದೆ ಸೆಲ್ಫಿ ತೆಗೆಯುವ ಜನವೂ ಬೇಕಾದಷ್ಟು ಇದ್ದಾರೆ. ಹೊಲದಲ್ಲಿ ಕೆಲಸ ಮಾಡುವವರು ಮಾತ್ರ ಒಬ್ಬರೂ ಕಾಣಲಿಲ್ಲ. ಬೇರೆ ಯಾವುದಾದರೂ ಊರು ಇದೆಯಾ? ಕಾರು ಇಲ್ಲ. ರೈಲು, ಆಮೇಲೆ ಟ್ಯಾಕ್ಸಿ ಆದರೆ ಪರವಾಗಿಲ್ಲ.

ಲಂಡನ್ ಲಲಿತಾ

ಬೈಬರಿಯನ್ನು ಅಷ್ಟು ಹಗುರವಾಗಿ ತಳ್ಳಿಬಿಡಬೇಡಿ. ಫೋಟೊದಲ್ಲಿ ಕಾಣುವ ಆ ಕಲ್ಲಿನ ಮನೆಸಾಲು 14ನೇ ಶತಮಾನದ ಕೊನೆಯದು. ಮೊದಲು ಉಣ್ಣೆ ಇಡುವ ಉಗ್ರಾಣ, 17ನೇ ಶತಮಾನದಲ್ಲಿ ನೇಕಾರರ ಮನೆಗಳಾದವು. ನಿಮ್ಮ ಅಮ್ಮನಿಗೆ ಖಂಡಿತ ಇಷ್ಟವಾಗುತ್ತದೆ. ಅಪ್ಪನ ಆಸೆಗೆ ಅಮ್ಮನನ್ನೂ ಗೋಧಿ ಹೊಲದಲ್ಲಿ ನಿಲ್ಲಿಸಬೇಕಾ?

ಟ್ರೆಂಟ್ ದಂಡೆ

ನೀವು ಲ್ಯಾಕ್ಸ್‌ಟನ್‌ಗೆ ಹೋಗಿ. ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿದೆ, ಆಲರ್ಟನ್ ಮತ್ತು ಟಕ್ಸ್‌ಫರ್ಡ್ ಊರುಗಳ ಹತ್ತಿರ. ನಾನು ನ್ಯೂವಾರ್ಕ್ ಕಡೆ ಇರುವುದರಿಂದ ಆಗಾಗ ಅಲ್ಲಿ ನಡೆಯಲು ಹೋಗುತ್ತೇನೆ. ಕೆಲವು ನೂರು ಜನರ ಊರು. ನೋಡಲು ಅಂಥ ಸುಂದರ ಏನೂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಂಪು ಇಟ್ಟಿಗೆಯ ಮನೆಗಳು, ಕೆಂಪು ಹೆಂಚು, ಬೀದಿಯಲ್ಲಿ ಟ್ರಾಕ್ಟರ್ ಟೈರಿನಿಂದ ಉದುರಿದ ಮಣ್ಣು.

ಆದರೆ ಅಲ್ಲಿ ಇರುವುದು ಇಂಗ್ಲೆಂಡಿನ ಬೇರೆ ಊರಲ್ಲಿ ಹೆಚ್ಚುಕಡಿಮೆ ಸಿಗುವುದಿಲ್ಲ. ಊರ ಸುತ್ತ ಮೂರು ದೊಡ್ಡ ಬಯಲು ಹೊಲಗಳು: ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿ ಹೊಲ. ಒಂದೊಂದು ಹೊಲವೂ ಬೇರೆ ಬೇರೆ ರೈತರ ಪಟ್ಟಿಗಳಾಗಿ ಹಂಚಿಹೋಗಿದೆ. ಪಟ್ಟಿಗಳ ನಡುವೆ ಬೇಲಿ ಇಲ್ಲ, ತಂತಿ ಇಲ್ಲ. ಒಬ್ಬ ರೈತನಿಗೆ ಇಲ್ಲಿ ಒಂದು ಪಟ್ಟಿ, ಅಲ್ಲಿ ಎರಡು, ಇನ್ನೊಂದು ಹೊಲದ ತುದಿಯಲ್ಲಿ ಮತ್ತೊಂದು. ಮೂರು ಹೊಲಕ್ಕೂ ಮೂರು ವರ್ಷದ ಸರದಿ. ಮೊದಲ ವರ್ಷ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ. ಎರಡನೇ ವರ್ಷ ವಸಂತದಲ್ಲಿ ಬಿತ್ತುವ ಜವೆಗೋಧಿ ಅಥವಾ ಅಂಥದ್ದೇ ಬೆಳೆ. ಮೂರನೇ ವರ್ಷ ಬೀಳು. ಈಗ ಬೀಳು ಅಂದರೆ ಪೂರ್ತಿ ಖಾಲಿ ಬಿಡುವುದಿಲ್ಲ, ದನಕ್ಕೆ ಹುಲ್ಲು, ಮೇವು ಬೆಳೆಯುತ್ತಾರೆ.

ಇಡೀ ಹೊಲ ಒಂದೇ ಸರದಿಯಲ್ಲಿ ನಡೆಯಬೇಕು. ನನ್ನ ಪಟ್ಟಿ, ನನ್ನ ಇಷ್ಟ ಅನ್ನುವ ಹಾಗಿಲ್ಲ.

ಸುಮ್ನೆ ಕೇಳ್ದೆ

ಇದರಲ್ಲಿ ವಿಶೇಷ ಏನು ಅಂತ ಗೊತ್ತಾಗಲಿಲ್ಲ. ತುಂಡು ಹೊಲ ನಮ್ಮೂರಲ್ಲಿ ಇಲ್ವಾ? ನಮ್ಮ ಮನೆಯದೇ ನಾಲ್ಕು ಎಕರೆ, ಐದು ಕಡೆ ಇದೆ. ಅದನ್ನು ನೋಡಲು ವೀಸಾ ಮಾಡಿಸಿಕೊಂಡು ಇಂಗ್ಲೆಂಡಿಗೆ ಹೋಗಬೇಕಾ?

ಎರೆಹೊಲ

ಹೇಳುವುದು ಸರಿ ಇದೆ. ಆದರೆ ನಮ್ಮಲ್ಲಿ ಹೊಲ ತುಂಡಾಗಿದ್ದು ಅಣ್ಣತಮ್ಮಂದಿರ ಪಾಲಿನಿಂದ. ಟ್ರೆಂಟ್ ದಂಡೆಯವರು ಹೇಳುವ ಊರಲ್ಲಿ ಅದು ಮೊದಲಿಂದ ಇದ್ದ ಏರ್ಪಾಡು ಅನ್ನಿಸುತ್ತದೆ. ಒಳ್ಳೆ ಮಣ್ಣು, ಕೆಟ್ಟ ಮಣ್ಣು, ಜವುಳು ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರಲಿ ಅಂತ ಹಂಚಿರಬೇಕು, ಹೌದಾ ಸರ್? ಮಣ್ಣು ಎಂಥದ್ದು?

ಟ್ರೆಂಟ್ ದಂಡೆ

ಯಾಕೆ ಹಾಗೆ ಹಂಚಿದರು ಅನ್ನುವುದಕ್ಕೆ ವಿದ್ವಾಂಸರೇ ಒಂದೊಂದು ಕಾರಣ ಕೊಡುತ್ತಾರೆ. ನೀವು ಹೇಳಿದ್ದು ಅದರಲ್ಲಿ ಒಂದು. ಇನ್ನೊಂದು, ಎತ್ತು ನೇಗಿಲು ಹಂಚಿಕೊಂಡು ಸರದಿ ಪ್ರಕಾರ ಉಳುತ್ತಿದ್ದರು, ದಿನದ ಕೆಲಸಕ್ಕೆ ಒಂದು ಪಟ್ಟಿ ಅಂತ ಬಿದ್ದಿತು ಅನ್ನುವುದು.

ಮಣ್ಣು ಕೆಂಪು ಜೇಡಿ. ಬಣ್ಣ ನೋಡಿ ನಮ್ಮ ಕೆಂಪು ಮಸಾರಿ ಅಂದುಕೊಂಡು ಕಾಲಿಟ್ಟರೆ ಕೆಟ್ಟಿರಿ. ಮಳೆ ಬಂದ ಮೇಲೆ ನಿಮ್ಮ ಎರೆ ಹೊಲದ ಹಾಗೇ ಹಿಡಿದುಕೊಳ್ಳುತ್ತದೆ. ಹತ್ತು ಹೆಜ್ಜೆ ಹಾಕುವುದರಲ್ಲಿ ಬೂಟಿನ ಕೆಳಗೆ ಇನ್ನೊಂದು ಬೂಟು.

ಗಡಿ ಹೇಗೆ ಗೊತ್ತಾಗುತ್ತದೆ ಅಂತ ನಾನೂ ಮೊದಲು ಹುಡುಕಿದ್ದೆ. ಹೊಲದ ನಡುವಿನ ಹುಲ್ಲುದಾರಿಯಲ್ಲಿ ನಿಂತು ನೋಡಿದರೆ ಒಂದೇ ಗೋಧಿ ಹೊಲ. ಬಗ್ಗಿ ನೋಡಿದರೆ ಒಂದು ಕಡೆ ಸಾಲುಗಳ ಅಂತರ ಸ್ವಲ್ಪ ಬೇರೆ, ತೆನೆಯ ಎತ್ತರ ಬೇರೆ, ಒಬ್ಬರ ಬೆಳೆ ಎರಡು ದಿನ ಮುಂದೆ ಇದ್ದ ಹಾಗಿದೆ. ಮಧ್ಯೆ ಒಂದು ಗೇಣು ಅಗಲದ ಗೆರೆ. ಅಷ್ಟೇ ಗಡಿ. ಆ ಗೆರೆಯನ್ನು ಯಾರೂ ದಾಟದ ಹಾಗೆ ನೋಡಿಕೊಳ್ಳಲು ಒಂದು ಕೋರ್ಟ್ ಇದೆ!

ಸುಮ್ನೆ ಕೇಳ್ದೆ

ಕೋರ್ಟಾ? ಒಂದು ಗೇಣು ಗೆರೆಗೆ?

ಟ್ರೆಂಟ್ ದಂಡೆ

ಹೌದು ರೀ. ಕೋರ್ಟ್ ಲೀಟ್ ಅನ್ನುತ್ತಾರೆ. ಹಿಂದೆ ಇಂಗ್ಲೆಂಡಿನ ಊರೂರಲ್ಲಿ ಜಮೀನ್ದಾರನ ಹೆಸರಲ್ಲಿ ನಡೆಯುತ್ತಿದ್ದ ಊರ ಕೋರ್ಟ್. ಕೆಲವು ಕಡೆ ಇನ್ನೂ ಹೆಸರಿಗೆ ಇದೆ, ವರ್ಷಕ್ಕೊಮ್ಮೆ ನಿಲುವಂಗಿ ಹಾಕಿಕೊಂಡು ಊಟ ಮಾಡಿ ಹೋಗುತ್ತಾರೆ. 1977ರ ಒಂದು ಕಾನೂನು ಇಂಥ ಹಳೇ ಕೋರ್ಟುಗಳ ಅಧಿಕಾರವನ್ನು ತೆಗೆದುಹಾಕಿತು. ಕೋರ್ಟ್ ಲೀಟ್‌ಗಳಲ್ಲಿ ಲ್ಯಾಕ್ಸ್‌ಟನ್ ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಯಾಕೆ ಅಂದರೆ ಅಲ್ಲಿ ಆ ಕೋರ್ಟಿಗೆ ಮಾಡುವ ಕೆಲಸ ನಿಜವಾಗಿಯೂ ಇತ್ತು.

ನಡೆಯುವುದು ಹೀಗೆ. ನವೆಂಬರ್ ಕೊನೆಗೆ ಜ್ಯೂರಿ ಹೊಲಕ್ಕೆ ಹೋಗುತ್ತದೆ. ಜ್ಯೂರಿ ಅಂದರೆ ಊರಿನ ರೈತರೇ. ಆ ವರ್ಷ ಯಾವ ಹೊಲದಲ್ಲಿ ಗೋಧಿ ಬಿತ್ತಿದೆಯೋ ಆ ಹೊಲ ನೋಡುವುದು ಅವರ ಕೆಲಸ. ಪಟ್ಟಿ ಪಟ್ಟಿ ನಡೆದು ನೋಡುತ್ತಾರೆ. ಯಾರಾದರೂ ದಾರಿಯನ್ನು ಒಂದು ಸಾಲು ಉತ್ತುಬಿಟ್ಟಿದ್ದಾರಾ, ಪಕ್ಕದವನ ಪಟ್ಟಿಗೆ ನುಗ್ಗಿದ್ದಾರಾ, ನಡುವಿನ ಹುಲ್ಲು ಜಾಗವನ್ನು ಕೆರೆದಿದ್ದಾರಾ, ಚರಂಡಿ ಮುಚ್ಚಿಹೋಗಲು ಬಿಟ್ಟಿದ್ದಾರಾ. ಅನುಮಾನ ಇರುವ ಕಡೆ ಅಳತೆ ಹಿಡಿದು ಗೂಟ ಹೊಡೆಯುತ್ತಾರೆ. ಆಮೇಲೆ ಊರಿನ ಪಬ್ಬು ಡವ್‌ಕೋಟ್ ಇನ್‌ನಲ್ಲಿ ಕೂತು ಊಟ ಮಾಡುತ್ತಾ ಯಾರಿಗೆ ಎಷ್ಟು ದಂಡ ಅಂತ ಮಾತಾಡುತ್ತಾರೆ. ಒಂದು ವಾರ ಬಿಟ್ಟು ಅದೇ ಪಬ್ಬಿನಲ್ಲಿ ಕೋರ್ಟ್ ಸೇರುತ್ತದೆ. ಜಮೀನಿನ ಒಡೆಯರ ಪರವಾಗಿ ಸ್ಟೀವರ್ಡ್ ಅಧ್ಯಕ್ಷತೆ. ಮುಂದಿನ ವರ್ಷದ ಜ್ಯೂರಿಯ ಆಯ್ಕೆಯೂ ಅಲ್ಲೇ.

ಎರೆಹೊಲ

ಬದು ಒತ್ತುವರಿ ಕೇಸು! ಇದಕ್ಕೆ ನಮ್ಮ ಕಡೆ ತಲಾಟಿ, ಸರ್ವೆಯರ್, ವಕೀಲ, ತಾಲೂಕು ಆಫೀಸು, ಅಷ್ಟೂ ಆದ ಮೇಲೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು. ಇವರು ಊಟಕ್ಕೆ ಕೂತಲ್ಲೇ ಮುಗಿಸುತ್ತಾರಲ್ಲ. ದಂಡ ದೊಡ್ಡದಾ?

ಟ್ರೆಂಟ್ ದಂಡೆ

ಇಲ್ಲ, ಸಣ್ಣದೇ. ಟ್ರಾಕ್ಟರಿನ ಡೀಸೆಲ್ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ದಂಡ ಹಾಕುವವನು ನಿನ್ನ ಪಕ್ಕದ ಪಟ್ಟಿಯವನು, ಹಾಕುವ ಜಾಗ ನೀನು ದಿನಾ ಹೋಗುವ ಪಬ್ಬು. ಊರ ಎದುರು ನಿನ್ನ ಹೆಸರು ಓದುತ್ತಾರೆ. ಅದು ಕೆಲಸ ಮಾಡುತ್ತದೆ. ಮುಂದಿನ ವರ್ಷ ಇವನೇ ಜ್ಯೂರಿಯಲ್ಲಿ ಇರಬಹುದು, ಅವನ ತಪ್ಪು ಇವನು ಹಿಡಿಯಬಹುದು. ಹೀಗಾಗಿ ಯಾರೂ ಜಾಸ್ತಿ ಹಾರಾಡುವುದಿಲ್ಲ.

ಇಷ್ಟು ವರ್ಷ ಈ ಹೊಲ ಉಳಿದಿದ್ದರಲ್ಲಿ ಇತಿಹಾಸದ ಮೇಲಿನ ಪ್ರೀತಿಗಿಂತ ಈ ವರ್ಷವರ್ಷದ ಕಿರಿಕಿರಿಯ ಪಾಲು ಜಾಸ್ತಿ ಅಂತ ನನ್ನ ಅಭಿಪ್ರಾಯ. ನೋಡಿಕೊಳ್ಳುವವರು ಇಲ್ಲದಿದ್ದರೆ ನಡುವಿನ ದಾರಿಗಳು ಹತ್ತು ವರ್ಷದಲ್ಲಿ ಉತ್ತುಹೋಗುತ್ತಿದ್ದವು.

ಲಂಡನ್ ಲಲಿತಾ

ಇದು ಚೆನ್ನಾಗಿದೆ. ಮಧ್ಯಯುಗದ ಹಳ್ಳಿ ಹಾಗೇ ಉಳಿದಿದೆ ಅಂದ ಹಾಗಾಯಿತು.

ನಕಾಶೆ ಮೇಷ್ಟ್ರು

ಲಲಿತಾ ಮೇಡಂ, ಹಾಗೇ ಉಳಿದಿಲ್ಲ. ಈ ಊರಿನ ಬಗ್ಗೆ ಎಲ್ಲರೂ ಇದನ್ನೇ ಹೇಳುತ್ತಾರೆ, ಅದಕ್ಕೆ ಸ್ವಲ್ಪ ಕಡಿವಾಣ ಹಾಕುತ್ತೇನೆ.

ಈ ಊರಿಗೆ 1635ರ ಒಂದು ನಕಾಶೆ ಇದೆ. ಮಾರ್ಕ್ ಪಿಯರ್ಸ್ ಎಂಬ ಸರ್ವೆಯರ್ ಮಾಡಿದ್ದು. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಂದೊಂದು ಪಟ್ಟಿಯನ್ನೂ ಬರೆದಿದ್ದಾನೆ, ಯಾರು ಉಳುತ್ತಾರೆ, ಎಷ್ಟು ಅಳತೆ ಅನ್ನುವ ಪುಸ್ತಕವೂ ಜೊತೆಗೆ ಇದೆ. ನಕಾಶೆಯ ಮೇಲೆ ಅಲ್ಲಲ್ಲಿ ಬೆರಳುಗುರಿನಷ್ಟು ಸಣ್ಣ ಚಿತ್ರಗಳು: ಒಬ್ಬ ನೇಗಿಲು ಹೊಡೆಯುತ್ತಿದ್ದಾನೆ, ಕೆಲವರು ಕೊಯ್ಯುತ್ತಿದ್ದಾರೆ, ಇನ್ನೊಂದು ಕಡೆ ಬೇಟೆ. ಕಂದಾಯದ ದಾಖಲೆ ಬರೆಯುವವನಿಗೆ ಇಷ್ಟು ರಸಿಕತೆ ಇತ್ತು ನೋಡಿ.

ಆ ನಕಾಶೆಯಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ ಪಟ್ಟಿಗಳಿವೆ. ಈಗ ಅದರ ಹತ್ತನೇ ಒಂದು ಭಾಗವೂ ಇಲ್ಲ. ಕೆಲವು ಜಾಗಕ್ಕೆ ನಡುವೆ ಬೇಲಿ ಬಿತ್ತು, ಉಳಿದದ್ದನ್ನು 20ನೇ ಶತಮಾನದ ಮೊದಲಲ್ಲಿ ಒಡೆಯರೇ ಒಟ್ಟುಗೂಡಿಸಿ ಅಗಲ ಪಟ್ಟಿ ಮಾಡಿದರು. 1635ರಲ್ಲಿ ನಾಲ್ಕು ಹೊಲ ಇದ್ದವು, ಈಗ ಮೂರು. ಎತ್ತು ಹೋಯಿತು, ಕುದುರೆ ಹೋಯಿತು, ಈಗ ಕಂಬೈನ್ ಬರುತ್ತದೆ. ಉಳಿದಿರುವುದು ಮೂರು ವರ್ಷದ ಸರದಿ, ಬೇಲಿ ಇಲ್ಲದ ಪಟ್ಟಿ, ಆ ಕೋರ್ಟು. ಅಷ್ಟೇ ಸಾಕು, ಅದನ್ನು ದೊಡ್ಡದು ಮಾಡುವ ಅಗತ್ಯ ಇಲ್ಲ.

ಹಾವೇರಿ ಹೈದ

ಮೇಷ್ಟ್ರೇ, ಉಳಿದ ಊರುಗಳಲ್ಲಿ ಇದು ಯಾಕೆ ಹೋಯಿತು? ಇಲ್ಲಿ ಯಾಕೆ ಉಳಿಯಿತು?

ನಕಾಶೆ ಮೇಷ್ಟ್ರು

ನೀವು ಲೆಸ್ಟರ್‌ನಿಂದ ರೈಲಿನಲ್ಲಿ ಹೋಗುವಾಗ ಕಿಟಕಿಯಲ್ಲಿ ಕಾಣುತ್ತದಲ್ಲ, ಚೌಕ ಚೌಕ ಹೊಲ, ಸುತ್ತ ಗಿಡದ ಬೇಲಿ, ಒಳಗೆ ಕುರಿ? ಇದೇ ಇಂಗ್ಲೆಂಡಿನ ಪುರಾತನ ಹಳ್ಳಿಗಾಡು ಅಂತ ನಾವು ಅಂದುಕೊಳ್ಳುತ್ತೇವೆ. ಆ ಮಧ್ಯ ಸೀಮೆಯಲ್ಲಿ ಬಹಳಷ್ಟು ಬೇಲಿ ಪುರಾತನವೇನೂ ಅಲ್ಲ. 18 ಮತ್ತು 19ನೇ ಶತಮಾನದಲ್ಲಿ ಸರ್ವೆಯರ್‌ಗಳು ಗೆರೆ ಎಳೆದು ನೆಡಿಸಿದ ಮುಳ್ಳುಗಿಡ. ಅದಕ್ಕೇ ಅಷ್ಟು ನೇರ.

1604ರಿಂದ 1914ರವರೆಗೆ ಪಾರ್ಲಿಮೆಂಟು ಊರಿಗೊಂದು ಅನ್ನುವ ಹಾಗೆ 5,200ಕ್ಕೂ ಹೆಚ್ಚು ಕಾನೂನು ಮಾಡಿ ಬಯಲು ಹೊಲ, ಹುಲ್ಲುಗಾವಲುಗಳಿಗೆ ಬೇಲಿ ಹಾಕಿಸಿತು. ಒಟ್ಟು ಸುಮಾರು 68 ಲಕ್ಷ ಎಕರೆ. ಚದುರಿದ ಪಟ್ಟಿಗಳನ್ನು ಕೂಡಿಸಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಕೊಟ್ಟರು. ದೊಡ್ಡ ರೈತನಿಗೆ ಲಾಭವೇ ಆಯಿತು. ತನಗೆ ಬೇಕಾದ ಬೆಳೆ ಹಾಕಬಹುದು, ಒಳ್ಳೆ ತಳಿಯ ಕುರಿ ಸಾಕಬಹುದು. ಒಂದು ಹಸು, ನಾಲ್ಕು ಬಾತು ಇಟ್ಟುಕೊಂಡು ಊರ ಹುಲ್ಲಿನಲ್ಲಿ ಮೇಯಿಸುತ್ತಿದ್ದವನಿಗೆ ಒಂದು ಚೂರು ಜಾಗ ಸಿಕ್ಕಿತು, ಇಲ್ಲವೇ ಅದೂ ಇಲ್ಲ. ಸಿಕ್ಕಿದ ಚೂರಿಗೆ ಬೇಲಿ ಹಾಕಿಸುವ ಖರ್ಚು ಅವನದೇ. ಎಷ್ಟೋ ಜನ ಮಾರಿ ಕೂಲಿಗೆ ಹೋದರು.

ಲ್ಯಾಕ್ಸ್‌ಟನ್‌ನಲ್ಲಿ ಇಬ್ಬರು ದೊಡ್ಡ ಒಡೆಯರಿದ್ದರು, ಮ್ಯಾನ್ವರ್ಸ್ ಅರ್ಲ್ ಮತ್ತು ಸ್ಕಾರ್‌ಬರೋ ಅರ್ಲ್. ಅರ್ಲ್ ಅಂದರೆ ಅಲ್ಲಿನ ದೊಡ್ಡ ಮನೆತನದವರ ಬಿರುದು. ಇಬ್ಬರಿಗೂ ಹೊಂದಾಣಿಕೆ ಆಗಲಿಲ್ಲ, ಖರ್ಚೂ ಜಾಸ್ತಿ, ಹೀಗೇ ಮುಂದಕ್ಕೆ ಹೋಯಿತು ಅನ್ನುವುದು ಸಾಮಾನ್ಯವಾಗಿ ಹೇಳುವ ಕಾರಣ. ಅಷ್ಟರಲ್ಲಿ ಕಾಲ ಬದಲಾಗಿ, ಇದು ಕೊನೆಯದು, ಉಳಿಸಬೇಕು ಅನ್ನುವವರು ಹುಟ್ಟಿಕೊಂಡರು.

ಸುಮ್ನೆ ಕೇಳ್ದೆ

ದೊಡ್ಡವರ ಜಗಳದಿಂದ ಸಣ್ಣವರು ಉಳಿದರು. ಅಪರೂಪಕ್ಕೆ ಒಳ್ಳೇದೂ ಆಗುತ್ತದೆ. ಹಾಗಾದರೆ ಈಗ ಹೊಲ ಯಾರದು? ಆ ರೈತರದೇನಾ?

ಟ್ರೆಂಟ್ ದಂಡೆ

ಬಹುಪಾಲು ಅಲ್ಲ. ಅವರು ಗೇಣಿದಾರರು. 1952ರಲ್ಲಿ ಮ್ಯಾನ್ವರ್ಸ್ ಅರ್ಲ್ ಹಳ್ಳಿಯನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿದರು. 1981ರಲ್ಲಿ ಅದು ಕ್ರೌನ್ ಎಸ್ಟೇಟ್‌ಗೆ, ಅಂದರೆ ಸಿಂಹಾಸನದ ಹೆಸರಲ್ಲಿರುವ ಆಸ್ತಿ ನೋಡಿಕೊಳ್ಳುವ ಸಂಸ್ಥೆಗೆ ಹೋಯಿತು. ಬಯಲು ಹೊಲದ ಪದ್ಧತಿ ಉಳಿಸಿಕೊಂಡು ಹೋಗಬೇಕು ಅನ್ನುವ ಮಾತಿನ ಮೇಲೆ. 2018ರಲ್ಲಿ ಅವರೂ ಮಾರುತ್ತೇವೆ ಅಂದರು. ಆಗ ಊರಲ್ಲೂ ಹೊರಗೂ ತುಂಬಾ ಗಾಬರಿ ಆಯಿತು. ದುಡ್ಡಿದ್ದವರು ಯಾರೋ ಬಂದು ಹೊಲ ಒಂದು ಕಡೆ, ಮನೆ ಒಂದು ಕಡೆ ಮಾರಿದರೆ ಕಥೆ ಮುಗಿಯಿತಲ್ಲ. ಕೊನೆಗೆ 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ತೆಗೆದುಕೊಂಡಿತು. ಥೋರ್ಸ್‌ಬಿ ಅಂದರೆ ಹಳೇ ಮ್ಯಾನ್ವರ್ಸ್ ಮನೆತನದ ಆಸ್ತಿಯೇ. ತಿರುಗಿ ಅದೇ ಕಡೆಗೆ ಬಂತು.

ಎರೆಹೊಲ

ಇನ್ನೂ ಗೇಣಿದಾರರಾ! ನಮ್ಮಲ್ಲಿ 1974ರಲ್ಲೇ ಅರಸು ಅವರು ಉಳುವವನೇ ಹೊಲದೊಡೆಯ ಅಂತ ಮಾಡಿದರು. ನಮ್ಮ ಅಜ್ಜ ಫಾರ್ಮ್ ತುಂಬಿ ಹೊಲ ಮಾಡಿಕೊಂಡವರು. ಇಂಗ್ಲೆಂಡಿನಂಥ ದೇಶದಲ್ಲಿ ಗೇಣಿ ಇನ್ನೂ ಇದೆ ಅಂದರೆ ಆಶ್ಚರ್ಯ.

ಟ್ರೆಂಟ್ ದಂಡೆ

ಇಲ್ಲಿ ಅದು ಮಾಮೂಲು ಅಣ್ಣ. ಕರಾರು, ಬಾಡಿಗೆ, ರಕ್ಷಣೆ ಎಲ್ಲಕ್ಕೂ ಕಾನೂನಿದೆ. ಲ್ಯಾಕ್ಸ್‌ಟನ್‌ನಲ್ಲಿ ಗೇಣಿ ಇರುವುದರಿಂದಲೇ ಪದ್ಧತಿ ಉಳಿದಿದೆ ಅಂತಲೂ ವಾದ ಮಾಡಬಹುದು. ಪ್ರತಿಯೊಬ್ಬರ ಸ್ವಂತ ಹೊಲ ಆಗಿದ್ದರೆ ಯಾರೋ ಒಬ್ಬರು ಎಂದೋ ಬೇಲಿ ಹಾಕಿಬಿಡುತ್ತಿದ್ದರು.

ಕಷ್ಟ ಇಲ್ಲ ಅಂತಲ್ಲ. ಬೇರೆ ಕಡೆ ಸಾವಿರ ಎಕರೆ ಒಬ್ಬನೇ ಮಾಡುವ ಕಾಲ ಇದು. ಇವರದು ಚಿಕ್ಕ ಹಿಡುವಳಿ, ಅದರಲ್ಲೂ ಮೂರನೇ ಒಂದು ಭಾಗ ಪ್ರತಿ ವರ್ಷ ಬೀಳು ಸರದಿಯಲ್ಲಿ. ಬಯಲು ಹೊಲದ ಜೊತೆಗೆ ಬೇಲಿ ಹಾಕಿದ ಬೇರೆ ಜಮೀನೂ ಇರುವುದರಿಂದ ಹೇಗೋ ನಡೆಯುತ್ತದೆ. ಮಕ್ಕಳು ಮುಂದುವರಿಸುತ್ತಾರಾ ಅನ್ನುವ ಚಿಂತೆ ಅಲ್ಲೂ ಇದೆ.

ಕಾಳಿ ಕಡಲು

ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ, ಒಂದು ಕಡೆ ನಿಂತೆ. ಮೇಷ್ಟ್ರೇ, ಆ 1635ರ ನಕಾಶೆ ಮಾಡಿಸಿದವರು ಯಾರು? ಸರ್ ವಿಲಿಯಂ ಕೋರ್ಟನ್ ಅಲ್ವಾ?

ನಕಾಶೆ ಮೇಷ್ಟ್ರು

ಹೌದು, ಅವನೇ. ಆಗ ಲ್ಯಾಕ್ಸ್‌ಟನ್ ಅವನ ಕೈಯಲ್ಲಿತ್ತು. ಲಂಡನ್ನಿನ ದೊಡ್ಡ ವ್ಯಾಪಾರಿ. ಅವನ ನಂತರ ಪಿಯರ್‌ಪಾಂಟ್ ಮನೆತನಕ್ಕೆ ಹೋಯಿತು. ಮ್ಯಾನ್ವರ್ಸ್ ಅರ್ಲ್‌ಗಳು ಆ ಮನೆತನದವರೇ. ನಿಮಗೆ ಕೋರ್ಟನ್ ಹೇಗೆ ಗೊತ್ತು?

ಕಾಳಿ ಕಡಲು

ನಮ್ಮೂರಿಗೆ ಬಂದಿದ್ದು ಅವನ ಕಂಪನಿಯೇ! ಕಾರವಾರದಲ್ಲಿ ಇಂಗ್ಲಿಷರ ಮೊದಲ ಕೋಠಿ, ಅಂದರೆ ವ್ಯಾಪಾರದ ಮಳಿಗೆ, 1638ರಲ್ಲಿ ಆಗಿದ್ದು ಈಸ್ಟ್ ಇಂಡಿಯಾ ಕಂಪನಿಯದಲ್ಲ, ಕೋರ್ಟನ್ ಕಂಪನಿಯದು. ಸುಂಡಾ ಸೀಮೆಯ, ಅಂದರೆ ಸೋಂದೆ ಕಡೆಯ ಕಾಳುಮೆಣಸಿಗೆ ಬಂದವರು. ಶಾಲೆಯಲ್ಲಿ ನಮ್ಮ ಮಾಸ್ತರರು ಹೇಳುತ್ತಿದ್ದರು. ಆದರೆ ಆ ಕೋರ್ಟನ್ ಅನ್ನುವವನು ಇಂಗ್ಲೆಂಡಿನಲ್ಲಿ ಒಂದು ಹಳ್ಳಿಯ ಒಡೆಯ, ಅಲ್ಲಿ ಪಟ್ಟಿ ಪಟ್ಟಿ ಅಳೆಸುತ್ತಿದ್ದ ಅಂತ ಈಗಷ್ಟೇ ಗೊತ್ತಾಯಿತು.

ನಕಾಶೆ ಮೇಷ್ಟ್ರು

ಭೇಷ್. ವರ್ಷಗಳನ್ನು ಜೋಡಿಸಿ ನೋಡಿ, ಇನ್ನೂ ಚೆನ್ನಾಗಿದೆ. ನಕಾಶೆ 1635. ಅದೇ 1635ರ ಕೊನೆಗೆ ರಾಜ 1ನೇ ಚಾರ್ಲ್ಸ್ ಕೋರ್ಟನ್ ಗುಂಪಿಗೆ ಪೂರ್ವ ದೇಶಗಳ ವ್ಯಾಪಾರಕ್ಕೆ ಅಪ್ಪಣೆ ಕೊಟ್ಟ. ಈಸ್ಟ್ ಇಂಡಿಯಾ ಕಂಪನಿಯವರು ಹೊಟ್ಟೆ ಉರಿದುಕೊಂಡರು, ಯಾಕೆ ಅಂದರೆ ಆ ವ್ಯಾಪಾರ ತಮಗೇ ಮೀಸಲು ಅಂದುಕೊಂಡಿದ್ದರು. 1636ರಲ್ಲಿ ಕ್ಯಾಪ್ಟನ್ ಜಾನ್ ವೆಡ್ಡೆಲ್ ನಾಯಕತ್ವದಲ್ಲಿ ಹಡಗುಗಳು ಹೊರಟವು. ಅದೇ ವರ್ಷ ಕೋರ್ಟನ್ ತೀರಿಕೊಂಡ, ಮಗ ಮುಂದುವರಿಸಿದ.

ಹಡಗುಗಳು ಗೋವಾ ಮುಟ್ಟಿ, 1637ರಲ್ಲಿ ಭಟ್ಕಳಕ್ಕೆ ಬಂದವು. ಹಡಗಿನಲ್ಲಿ ಪೀಟರ್ ಮಂಡಿ ಅನ್ನುವವನಿದ್ದ, ಕಂಡಿದ್ದನ್ನೆಲ್ಲ ಬರೆದಿಡುವ ಸ್ವಭಾವ. ಅವನು ಭಟ್ಕಳದಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಆಗ ವೀರಭದ್ರ ನಾಯಕನ ಕಾಲ. ಕೆಳದಿಯವರ ರಾಜಧಾನಿ ಇನ್ನೂ ಇಕ್ಕೇರಿಯಲ್ಲೇ ಇತ್ತು, ಬಿದನೂರಿಗೆ ಹೋಗಿರಲಿಲ್ಲ. ಮೆಣಸಿನ ವ್ಯಾಪಾರಕ್ಕೆ ಭಟ್ಕಳದಲ್ಲಿ ಅವರಿಗೆ ಜಾಗ ಸಿಕ್ಕಿತು. ಆಮೇಲೆ ಕಾರವಾರ.

ಕಾಳಿ ಕಡಲು

ಅಂದರೆ ಲ್ಯಾಕ್ಸ್‌ಟನ್‌ನಿಂದ ಬಂದ ಗೇಣಿ ದುಡ್ಡೂ ಅವನ ಚೀಲದಲ್ಲೇ, ನಮ್ಮ ಮೆಣಸಿನ ದುಡ್ಡೂ ಅದೇ ಚೀಲಕ್ಕೆ. ಕಂಪನಿ ಆಮೇಲೆ ಏನಾಯಿತು?

ನಕಾಶೆ ಮೇಷ್ಟ್ರು

ನಷ್ಟದ ಮೇಲೆ ನಷ್ಟ. ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯೊಳಗೆ ಸೇರಿಹೋಯಿತು, ಕಾರವಾರದ ವ್ಯಾಪಾರವೂ ಕಂಪನಿಯ ಕೈಗೆ ಬಂತು. ಕೋರ್ಟನ್‌ನ ಲೆಕ್ಕಾಚಾರಗಳಲ್ಲಿ ಬಾರ್ಬಡೋಸ್ ದ್ವೀಪವೂ ಇತ್ತು, ಅದೂ ದಕ್ಕಲಿಲ್ಲ. ಜಗತ್ತೆಲ್ಲ ಬಾಚಿಕೊಳ್ಳಲು ಹೊರಟವನು. ಒಂದು ಕಡೆ ಹಳ್ಳಿಯ ನಕಾಶೆ ಮಾಡಿಸಿದ್ದೂ ಅದೇ ಬುದ್ಧಿಯಿಂದ ಇರಬೇಕು. ಕೊಂಡ ಆಸ್ತಿಯಲ್ಲಿ ಎಷ್ಟು ಎಕರೆ, ಯಾರು ಎಷ್ಟು ಕೊಡುತ್ತಾರೆ ಗೊತ್ತಾಗಲಿ ಅಂತ.

ಎಕರೆ ಅಂದ ಕೂಡಲೇ ಒಂದು ಮಾತು ಹೇಳಿ ಮುಗಿಸುತ್ತೇನೆ. ಅಲ್ಲಿನ ಒಂದು ಎಕರೆ ಅಂದರೆ ಮೂಲದಲ್ಲಿ 220 ಗಜ ಉದ್ದ, 22 ಗಜ ಅಗಲದ ಪಟ್ಟಿ. ನೇಗಿಲು ತಿರುಗಿಸುವುದು ಕಷ್ಟ, ಅದಕ್ಕೆ ಹೊಲ ಉದ್ದ ಇರಬೇಕು. ಆ 22 ಗಜವೇ ಕ್ರಿಕೆಟ್ ಪಿಚ್ಚಿನ ಉದ್ದ. ಕ್ರಿಕೆಟ್ ನೋಡುವ ಹುಡುಗರಿಗೆ ಎಕರೆಯ ಅಗಲ ಹೇಳಿಕೊಡುವುದು ಸುಲಭ.

ಹಾವೇರಿ ಹೈದ

ನಾನು ಹಳ್ಳಿ ಕೇಳಿದರೆ ಭಟ್ಕಳ, ಬಾರ್ಬಡೋಸ್ ಎಲ್ಲ ಬಂತು. ತುಂಬಾ ಥ್ಯಾಂಕ್ಸ್. ಲ್ಯಾಕ್ಸ್‌ಟನ್‌ಗೇ ಹೋಗುತ್ತೇವೆ. ಹೇಗೆ ಹೋಗುವುದು, ಯಾವಾಗ ಹೋದರೆ ಒಳ್ಳೇದು, ಹೊಲದೊಳಗೆ ಕಾಲಿಡಬಹುದಾ? ಯಾರಾದರೂ ಬೈದರೆ ಅಪ್ಪ ತಿರುಗಿ ಕನ್ನಡದಲ್ಲೇ ಬೈಯುತ್ತಾರೆ, ಅದೊಂದು ಭಯ.

ಟ್ರೆಂಟ್ ದಂಡೆ

ಲೆಸ್ಟರ್‌ನಿಂದ ನಾಟಿಂಗ್‌ಹ್ಯಾಮ್ ಮೇಲೆ ನ್ಯೂವಾರ್ಕ್ ಕ್ಯಾಸಲ್ ನಿಲ್ದಾಣಕ್ಕೆ ರೈಲು. ಅಲ್ಲಿಂದ ಹತ್ತು ಹನ್ನೆರಡು ಮೈಲಿ ಟ್ಯಾಕ್ಸಿ. ವಾಪಸ್ ಬರುವ ಟ್ಯಾಕ್ಸಿಯನ್ನೂ ಆಗಲೇ ಮಾತಾಡಿಕೊಳ್ಳಿ. ಬಸ್ ನಂಬಿ ಹೋಗಬೇಡಿ. ಹಳ್ಳಿಯೊಳಗೆ ನಿಂತು ಟ್ಯಾಕ್ಸಿ ಕರೆದರೆ ಬರುವವರು ಕಡಿಮೆ.

ಜುಲೈ ಕೊನೆಯಿಂದ ಆಗಸ್ಟ್ ಒಳ್ಳೇದು. ಗೋಧಿ ಹೊಲ ಪೂರ್ತಿ ಹಳದಿ, ಇನ್ನೊಂದು ಹೊಲ ಬೇರೆ ಬಣ್ಣ, ಮೂರನೆಯದು ಹುಲ್ಲು. ಸರದಿ ಅಂದರೆ ಏನು ಅಂತ ಅಪ್ಪನಿಗೆ ಯಾರೂ ವಿವರಿಸುವುದೇ ಬೇಡ. ಪಬ್ಬಿನ ಪಕ್ಕ ಸಣ್ಣ ಪ್ರದರ್ಶನ ಇದೆ, ಅಲ್ಲಿಂದ ಶುರು ಮಾಡಿ. ಪಬ್ಬಿನ ಊಟದ ಸಮಯ ಮೊದಲೇ ವಿಚಾರಿಸಿಕೊಳ್ಳಿ, ಸಸ್ಯಾಹಾರಿ ಆದರೆ ಅದನ್ನೂ ಕೇಳಿ. ಅಮ್ಮನ ಕೈಯಿಂದ ಒಂದಿಷ್ಟು ರೊಟ್ಟಿ ಚಟ್ನಿಪುಡಿ ಕಟ್ಟಿಸಿಕೊಂಡರೆ ಯಾವ ಚಿಂತೆಯೂ ಇಲ್ಲ.

ಬೀದಿಯಲ್ಲಿ ನಡೆಯುವಾಗ ಒಂದು ಗಮನಿಸಿ. ಬೇರೆ ಇಂಗ್ಲಿಷ್ ಸೀಮೆಯಲ್ಲಿ ರೈತನ ಮನೆ ಊರ ಹೊರಗೆ ಅವನ ಹೊಲದ ನಡುವೆ ಒಂಟಿಯಾಗಿ ಇರುತ್ತದೆ. ಇಲ್ಲಿ ರೈತರ ಮನೆ, ದನದ ಅಂಗಳ, ಹುಲ್ಲಿನ ಕೊಟ್ಟಿಗೆ ಎಲ್ಲ ಊರ ಬೀದಿಯಲ್ಲೇ. ಹೊಲ ಎಲ್ಲ ದಿಕ್ಕಿಗೂ ಹರಡಿರುವಾಗ ಮನೆ ನಡುವೆ ಇರುವುದೇ ಅನುಕೂಲ. ಬಹಳ ಮನೆಗಳು ಬೀದಿಗೆ ಪಕ್ಕೆ ತೋರಿಸಿ ನಿಂತಿವೆ. ಅಡ್ಡಾಡುವ ದನ ಹಿಡಿದು ಕಟ್ಟುವ ದೊಡ್ಡಿಯೂ ಉಳಿದಿದೆ.

ಊರ ಉತ್ತರಕ್ಕೆ ನಾರ್ಮನ್ ಕಾಲದ ಕೋಟೆಯ ಮಣ್ಣಿನ ದಿಬ್ಬ. ಕಟ್ಟಡ ಏನೂ ಇಲ್ಲ, ಹುಲ್ಲು ಬೆಳೆದ ಗುಡ್ಡ, ಸುತ್ತ ಕಂದಕ. ಚರ್ಚಿನಲ್ಲಿ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಪ್ರತಿಮೆಗಳಿವೆ, ಅದರಲ್ಲಿ ಒಬ್ಬ ಹೆಂಗಸಿನದು ಮರದ್ದು. ಸಮಯ ಇದ್ದರೆ ನೋಡಿ.

ಊರುಗೋಲು

ಕಾಲುದಾರಿಯ ವಿಷಯ ನಾನು ಹೇಳುತ್ತೇನೆ, ವಾರಾಂತ್ಯ ನಡೆಯುವುದೇ ನನ್ನ ಕೆಲಸ. ಹಳದಿ ಬಾಣದ ಗುರುತು ಇದ್ದರೆ ನಡೆಯುವವರ ದಾರಿ. ನೀಲಿ ಬಾಣ ಆದರೆ ಕುದುರೆ, ಸೈಕಲ್ಲಿಗೂ ಸೇರಿ. ಇಲ್ಲಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ನಕಾಶೆಯಲ್ಲಿ ಹಸಿರು ತುಂಡುಗೆರೆ ಇರುವ ಕಡೆಯೆಲ್ಲ ನಡೆಯುವ ಹಕ್ಕಿದೆ. ದಾರಿ ಒಬ್ಬರ ಹೊಲದ ನಟ್ಟನಡುವೆ ಹೋದರೂ ಯಾರೂ ತಡೆಯುವ ಹಾಗಿಲ್ಲ. ರೈತ ಆ ದಾರಿಯನ್ನು ಉತ್ತರೂ ಕಾನೂನು ಕೊಟ್ಟ ಗಡುವಿನೊಳಗೆ ತಿರುಗಿ ಸರಿ ಮಾಡಿಕೊಡಬೇಕು. ಬೆಳೆ ತುಳಿಯಬೇಡಿ, ಗೇಟು ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ನಿಮ್ಮ ಅಪ್ಪ ರೈತರು, ಇದನ್ನು ಅವರೇ ನಿಮಗೆ ಹೇಳಿಕೊಡುತ್ತಾರೆ. ಆದರೆ ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ನೋಡುವ ಅಭ್ಯಾಸ ಇರುತ್ತದಲ್ಲ, ಅದನ್ನು ದಾರಿ ಪಕ್ಕದ ಒಂದು ತೆನೆಗೆ ಮುಗಿಸಲಿ.

ಲಂಡನ್ ಲಲಿತಾ

ಅಮ್ಮನಿಗೂ ಏನಾದರೂ ಹೇಳಿ ಅಂತ ಇನ್ನೊಮ್ಮೆ ನೆನಪಿಸುತ್ತೇನೆ. ಹತ್ತಿರದ ಸೌತ್‌ವೆಲ್‌ಗೆ ಹೋಗಬಹುದು. ದೊಡ್ಡ ಚರ್ಚ್ ಇದೆ, ಒಳಗೆ ಕಲ್ಲಿನಲ್ಲಿ ಕೆತ್ತಿದ ಎಲೆಗಳು ನೋಡುವಂಥವು. ಅಡುಗೆಗೆ ಬಳಸುವ ಹುಳಿ ಬ್ರಾಮ್ಲಿ ಸೇಬು ಹುಟ್ಟಿದ್ದೂ ಆ ಊರಲ್ಲೇ. 1809ರಲ್ಲಿ ಒಬ್ಬ ಹುಡುಗಿ ನೆಟ್ಟ ಬೀಜದ ಮರ.

ನಕಾಶೆ ಮೇಷ್ಟ್ರು

ಸೌತ್‌ವೆಲ್‌ಗೆ ಹೋದರೆ ಅಲ್ಲಿನ ವರ್ಕ್‌ಹೌಸ್ ಬಿಡಬೇಡಿ. 1824ರಲ್ಲಿ ಕಟ್ಟಿದ್ದು. ಗತಿಯಿಲ್ಲದವರಿಗೆ ಅನ್ನ, ಜಾಗ ಕೊಟ್ಟು ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಟ್ಟು ದುಡಿಸುತ್ತಿದ್ದ ಜಾಗ. 1834ರ ಬಡವರ ಕಾನೂನಿಗೆ ಇದೇ ಮಾದರಿಯಾಯಿತು. ಬೆಳಿಗ್ಗೆ ಬೇಲಿ ಇಲ್ಲದ ಹೊಲ ನೋಡಿ, ಮಧ್ಯಾಹ್ನ ಇದನ್ನು ನೋಡಿದರೆ ಆ ಕಾಲದ ಹಳ್ಳಿಯ ಎರಡೂ ಮುಖ ಕಂಡ ಹಾಗೆ.

ಎರೆಹೊಲ

ಒಂದು ಕೇಳುವುದು ಉಳಿಯಿತು. ಹೊಲದ ನಡುವೆ ಹುಲ್ಲು ಜಾಗ ಅಂದಿರಲ್ಲ, ಅದು ಯಾರಿಗೆ ಸೇರಿದ್ದು? ನಮ್ಮ ಗೋಮಾಳದ ಥರ ಎಲ್ಲರ ದನವೂ ಮೇಯುತ್ತದಾ?

ಟ್ರೆಂಟ್ ದಂಡೆ

ಸೈಕ್ ಅನ್ನುತ್ತಾರೆ ಅದಕ್ಕೆ. ತಗ್ಗಿನಲ್ಲಿ ನೀರು ಹರಿಯುವ, ನೇಗಿಲು ಹಿಡಿಯಲಾಗದ ಜಾಗ. ಎಂದೂ ಉತ್ತಿಲ್ಲ, ಅದಕ್ಕೇ ಅಲ್ಲಿ ಬೇರೆ ಕಡೆ ಕಾಣದ ಹೂಗಿಡಗಳು ಉಳಿದಿವೆ. ಸರ್ಕಾರ ಅದನ್ನು ಸಂರಕ್ಷಿತ ಜಾಗ ಅಂತ ಗುರುತಿಸಿದೆ. ಜೂನ್‌ನಲ್ಲಿ ಹೋದರೆ ಹೂ ನೋಡಬಹುದು, ಗೋಧಿ ಮಾತ್ರ ಹಸಿರಿರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಈಗ ದನ ಬಿಡುವುದಿಲ್ಲ. ಪ್ರತಿ ವರ್ಷ ಹುಲ್ಲನ್ನು ಹರಾಜು ಹಾಕುತ್ತಾರೆ, ತೆಗೆದುಕೊಂಡವರು ಕೊಯ್ದು ಒಣಗಿಸಿಕೊಂಡು ಹೋಗುತ್ತಾರೆ. ಬಂದ ದುಡ್ಡು ಹಳೇ ಮನೆಜಾಗಗಳ ಹಕ್ಕಿನ ಪ್ರಕಾರ ಹಂಚಿಕೆ. ಹಕ್ಕು ಇರುವುದು ಆ ಜಾಗಕ್ಕೆ, ಮನುಷ್ಯನಿಗಲ್ಲ. ಮನೆ ಬದಲಾದರೆ ಹಕ್ಕೂ ಹೊಸಬರಿಗೆ ಹೋಗುತ್ತದೆ.

ಎರೆಹೊಲ

ನಮ್ಮೂರ ಗೋಮಾಳದಲ್ಲಿ ಈಗ ಸೈಟು ಬಿದ್ದಿವೆ. ಹೈದ, ನಿಮ್ಮ ಅಪ್ಪನಿಗೆ ಆ ಗೂಟ ಹೊಡೆಯುವ ಅಳತೆ ಹೇಗೆ ಅಂತ ಅಲ್ಲಿನ ರೈತರು ಯಾರಾದರೂ ಸಿಕ್ಕರೆ ಕೇಳಲು ಹೇಳು. ಗಜದಲ್ಲಾ, ಹೆಜ್ಜೆಯಲ್ಲಾ ಅಂತ ತಿಳಿದುಕೊಳ್ಳಬೇಕು ನನಗೆ.